ಕೆಳಗಿಟ್ಟ ಬಟ್ಟಲು

"ಎಳೀರಿ! ಎಳೀರೇ, ಸತ್ತ ಹೆಣಗಳಾ, ಎಳೀರಿ!"

ಚಸ್ಬಿಯ ಎಂಬ ಮುದುಕಿ ಹಗ್ಗಕ್ಕೆ ಜೋತುಬಿದ್ದಳು. ಹಗ್ಗ ಅಂಗೈಯ ಹಳೇ ಗಾಯದ ಮೇಲೇ ಉಜ್ಜಿಕೊಂಡು ಹೋಯಿತು. ತಬ್ಬಿದರೆ ಕೈಗೆ ಸಿಗದಷ್ಟು ದಪ್ಪದ ಜೊಂಡಿನ ಕಂಬ ಒಂದಿಷ್ಟು ಬಾಗಿ, ಲಟಲಟ ಅಂದು, ಮತ್ತೆ ನೆಟ್ಟಗಾಗಲು ನೋಡಿತು. ಆಚೆ ಕಡೆಯ ಕಂಬವನ್ನು ಇನ್ನೊಂದು ಗುಂಪು ಹೆಂಗಸರು ಎಳೆಯುತ್ತಿದ್ದರು. ಎರಡರ ತುದಿ ನೆತ್ತಿಯಲ್ಲಿ ಸೇರಿದರೆ ಒಂದು ಕಮಾನು. ಕಮಾನುಗಳ ಸಾಲು ನಿಂತು, ಮೇಲೆ ಚಾಪೆ ಹೊದಿಸಿದರೆ ಮುದೀಫ್. ಶೇಖನಾದವನು ಬಂದವರನ್ನು ಕೂರಿಸಿ ಕಾಫಿ ಕೊಡುವ ಹಜಾರ.

ಕಮಾನು ಬಾಗಿಸುವುದು ಗಂಡಸರ ಕೆಲಸ. ಗಂಡಸರಿಗೆ ಕೂಲಿ ಜಾಸ್ತಿ, ಅದಕ್ಕೇ ಹೆಂಗಸರು.

ಕುರ್ಚಿಯಲ್ಲಿ ಕೂತು ಕೂಗುತ್ತಿದ್ದವನು ಶೇಖ್ ಮಿಜ್ಬಾನ್. ಅವನ ತಲೆಗೊಂದು ಛತ್ರಿ, ಛತ್ರಿ ಹಿಡಿಯಲು ಒಬ್ಬ ಆಳು. ಸುತ್ತಲಿನ ಹೊಲ, ಕಾಲುವೆ, ಕಾಲುವೆಯ ನೀರಿನ ಸರದಿ, ಎಲ್ಲ ಅವನ ಕುಲದವರದು. ಎಳೆಯುತ್ತಿದ್ದವರು ಮಾದಾನರು. ಜೌಗಿನಲ್ಲಿ ಎಮ್ಮೆ ಸಾಕಿಕೊಂಡಿದ್ದ ಜನ. ಸರ್ಕಾರ ಜೌಗನ್ನು ಬತ್ತಿಸಿದ ಕಾಲಕ್ಕೆ ಎಮ್ಮೆ ಹೊಡೆದುಕೊಂಡು ಬಂದು, ಉಮ್ಮುಲ್ ಖರಜ್ ಎಂಬ ಈ ಹಾಳು ದಿಬ್ಬದ ಬುಡದಲ್ಲಿ ಗುಡಿಸಲು ಹಾಕಿದ್ದರು. ಈ ಸೀಮೆಯಲ್ಲಿ ಮಾದಾನ್ ಅನ್ನುವುದು ಜನದ ಹೆಸರಲ್ಲ, ಬೈಗುಳ. ಮಕ್ಕಳು ಮೂಗು ಒರೆಸಿಕೊಳ್ಳದಿದ್ದರೆ ಪೇಟೆಯ ತಾಯಂದಿರು ಹಾಗೆ ಬೈಯುತ್ತಾರೆ. ಬೆಳಿಗ್ಗೆ ಮಾದಾನ್ ಹೆಂಗಸಿನ ತಲೆಯ ಮೇಲಿನ ತಟ್ಟೆಯಿಂದ ಎಮ್ಮೆಕೆನೆ ಕೊಂಡು ಬಿಸಿ ರೊಟ್ಟಿಗೆ ಬಳಿದು ತಿನ್ನುತ್ತಾರೆ. ಅವಳು ಹೋದ ಮೇಲೆ ಅವಳು ನಿಂತಿದ್ದ ಜಾಗಕ್ಕೆ ನೀರು ಹೊಯ್ಯುತ್ತಾರೆ.

"ಶೇಖರ ನಾಲಿಗೆಗೇ ಹಗ್ಗ ಕಟ್ಟಿದ್ರೆ ಕಂಬ ತಾನಾಗೇ ಬಾಗೋದು," ಎಂದು ಚಸ್ಬಿಯಳ ಬೆನ್ನ ಹಿಂದಿನಿಂದ ನಶ್ಮಿಯ ಗೊಣಗಿದಳು. ಅವಳು ಪಕ್ಕದ ಗುಡಿಸಲಿನವಳು. ಹಲ್ಲು ಉದುರಿದ್ದವು, ಮಾತು ಉದುರಿರಲಿಲ್ಲ.

"ನಗಿಸ್ಬೇಡ್ವೇ. ಕೈ ಜಾರುತ್ತೆ."

ಕಮಾನು ಸೇರಿತು. ಹೆಂಗಸರು ನೆಲಕ್ಕೆ ಕುಸಿದರು. ಶೇಖ್ ಮಿಜ್ಬಾನ್ "ಭೇಷ್" ಎಂದ, ಕಂಬಕ್ಕೆ.

ಈ ಮುದೀಫ್ ಶೇಖನದೂ ಅಲ್ಲ. ಪರಂಪರೆ ಮಂಡಳಿಯದು. ದಿಬ್ಬದ ಒಳಗಿರುವ ಹಳೇ ಪಟ್ಟಣವನ್ನು ನೋಡಲು ಮಂಡಳಿಯ ಅಧ್ಯಕ್ಷರು ಬಾಗ್ದಾದಿನಿಂದ ಬರುತ್ತಾರೆ, ಜೊತೆಗೆ ಹೊರದೇಶದವರು, ಕ್ಯಾಮರಾದವರು. ಅವರಿಗೆ ಸುಮೇರಿಯರ ಕಾಲದ ಜೊಂಡಿನ ಮನೆ ತೋರಿಸಬೇಕು. ಜೊಂಡಿನ ಮನೆಗಳು ಕೂಗಳತೆಯಲ್ಲೇ ಇದ್ದವು, ಒಳಗೆ ಜನವೂ ಇದ್ದರು. ಆದರೆ ಅಲ್ಲಿ ಸಗಣಿ, ನೊಣ, ಹರಕು ಹಾಸಿಗೆ. ಹಾಗಾಗಿ ನಿಜದ ಮನೆಗಳಿಗೆ ಅಡ್ಡವಾಗಿ ನೀಲಿ ಪ್ಲಾಸ್ಟಿಕ್ ಪರದೆ ಕಟ್ಟಿಸಿದ್ದರು. ಸುಳ್ಳು ಮನೆಗೆ ಕೆಂಪು ಜಮಖಾನೆ ಬಂತು.

ಮಧ್ಯಾಹ್ನ ರೊಟ್ಟಿ ಈರುಳ್ಳಿ ತಿನ್ನುತ್ತಿದ್ದಾಗ ಮಂಡಳಿಯ ಎಂಜಿನಿಯರ್ ಮುಹನ್ನದ್ ಬಂದ. ಇಸ್ತ್ರಿ ಮಾಡಿದ ಪ್ಯಾಂಟು, ಕೈಯಲ್ಲಿ ಫೋನು. ಹೆಂಗಸರ ಮುಖಗಳನ್ನು ಸಂತೆಯಲ್ಲಿ ದನ ನೋಡುವಂತೆ ನೋಡುತ್ತ ಬಂದವನು ಚಸ್ಬಿಯಳ ಎದುರು ನಿಂತ.

"ಖಾಲಾ, ಸ್ವಲ್ಪ ಆ ಕಡೆ ತಿರುಗು. ಹಾಂ. ಹಾಗೇ ಇರು."

ಫೋನಿನಲ್ಲಿದ್ದ ಕಲ್ಲಿನ ಬೊಂಬೆಯೊಂದರ ಚಿತ್ರವನ್ನು ಅವಳ ಕೆನ್ನೆಯ ಪಕ್ಕಕ್ಕೆ ಹಿಡಿದ.

"ಶೇಖ್, ನೋಡಿ ಇಲ್ಲಿ! ಅದೇ ಮೂಗು, ಅದೇ ಹುಬ್ಬು. ಐದು ಸಾವಿರ ವರ್ಷ!"

"ಮೂಗಿಗೆ ಐದು ಸಾವಿರ. ವಾಸನೆಗೆ ಹತ್ತು ಸಾವಿರ," ಎಂದ ಶೇಖ್ ಮಿಜ್ಬಾನ್.

"ಆ ಬೊಂಬೆ ಕೈಲೂ ಹಗ್ಗ ಎಳೆಸಿದ್ರಾ ಉಸ್ತಾದ್?" ಎಂದಳು ನಶ್ಮಿಯ.

ಮುಹನ್ನದ್ ನಕ್ಕ. ಒಳ್ಳೆಯವನು, ಎಲ್ಲದಕ್ಕೂ ನಗುತ್ತಿದ್ದ. "ಅಧ್ಯಕ್ಷರು ಬಂದ ದಿನ ನೀವಿಬ್ರೂ ಮುದೀಫ್ ಒಳಗೆ ಕೂರ್ಬೇಕು. ಬಟ್ಟೆ ನಾವೇ ಕೊಡ್ತೀವಿ. ಏನೂ ಮಾತಾಡೋದು ಬೇಡ. ನಮ್ಮ ಸುಮೇರಿಯನ್ ಅಜ್ಜಿಯರು ಅಂತ ನಾವು ಹೇಳ್ತೀವಿ."

"ಮುದೀಫಲ್ಲಿ ಹೆಂಗಸರಾ?" ಶೇಖ್ ಕುರ್ಚಿಯಿಂದ ಅರ್ಧ ಎದ್ದ. "ಅದೂ ಈ ಎಮ್ಮೆಗಳಾ?"

"ಫೋಟೋಗೆ, ಶೇಖ್. ಫೋಟೋಗಷ್ಟೆ. ಹೊರಗಿನವರು ಹೆಂಗಸರೆಲ್ಲಿ ಅಂತ ಮೊದ್ಲು ಕೇಳೋದು." ಆಮೇಲೆ, ನೆನಪಾದಂತೆ, "ಅಂದ ಹಾಗೆ, ಅವರು ಹೋದ ಮಾರನೇ ದಿನದಿಂದ ದಿಬ್ಬಕ್ಕೆ ಬೇಲಿ. ಮೇಲೆ ಯಾರೂ ಹತ್ತೋ ಹಾಗಿಲ್ಲ."

ಚಸ್ಬಿಯಳ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಮೇಲೆ ಮಕ್ಕಳಿದಾವಲ್ಲ, ಉಸ್ತಾದ್."

ದೊಡ್ಡವರು ಸತ್ತರೆ ಮಾದಾನರೂ ಪುಣ್ಯಕ್ಷೇತ್ರವಾದ ನಜಫಿನ ಸ್ಮಶಾನಕ್ಕೇ ಒಯ್ಯುತ್ತಾರೆ, ಹಲಗೆಗೆ ಕಟ್ಟಿ, ಬಾಡಿಗೆ ಕಾರಿನ ತಲೆಯ ಮೇಲೆ. ಆದರೆ ಹಾಲು ಬಿಡದ ಮಗುವನ್ನು ಅಷ್ಟು ದೂರ ಒಂಟಿಯಾಗಿ ಕಳಿಸಲು ಯಾವ ತಾಯಿಗೂ ಮನಸ್ಸು ಬರುವುದಿಲ್ಲ. ಅವನ್ನು ದಿಬ್ಬದ ಮೇಲೆ ಮಲಗಿಸುತ್ತಾರೆ. ಕೂಗಿದರೆ ಕೇಳುವಷ್ಟು ಹತ್ತಿರ. ಮಳೆ ಬಿದ್ದಾಗ ದಿಬ್ಬದಿಂದ ತೊಳೆದುಬರುವ ನೀಲಿ ಮಣಿ ಒಂದನ್ನು ಮಣಿಕಟ್ಟಿಗೆ ಕಟ್ಟುತ್ತಾರೆ. ಚಸ್ಬಿಯಳ ಎರಡು ಅಲ್ಲಿವೆ. ನಶ್ಮಿಯಳ ಮಗ ಅಲ್ಲಿದ್ದಾನೆ. ಹೋದ ಬೇಸಿಗೆಯಲ್ಲಿ ಕಾಲುವೆಯ ಉಪ್ಪುನೀರು ಕುಡಿದು, ಹೊಟ್ಟೆ ಕೆಟ್ಟು, ಚಸ್ಬಿಯಳ ಮಗಳು ವಬ್ರಿಯಳ ಕೂಸು ತೀಬ ಹೋದಳು. ಆವತ್ತಿನಿಂದ ವಬ್ರಿಯ ಬೆರಣಿ ತಟ್ಟುತ್ತಾಳೆ, ಎಮ್ಮೆ ಕರೆಯುತ್ತಾಳೆ, ಗುರುವಾರ ಸಂಜೆ ದಿಬ್ಬ ಹತ್ತುತ್ತಾಳೆ. ಮಾತು ಅಂದರೆ ಎಮ್ಮೆಗಳ ಜೊತೆ ಮಾತ್ರ.

"ಓ, ಅದಾ," ಎಂದ ಮುಹನ್ನದ್. "ನಕ್ಷೇಲಿ ಹಾಕಿದೀವಿ. 'ಇತ್ತೀಚಿನ ಅಡಚಣೆ' ಅಂತ. ಎಲ್ಲ ಮರ್ಯಾದೆಯಿಂದಾನೇ ತೆಗೀತೀವಿ ಖಾಲಾ. ಚೀಲಕ್ಕೆ ತುಂಬಿ ನಜಫಿಗೆ ಕಳಿಸ್ತೀವಿ. ಪುಣ್ಯದ ನೆಲ, ನಿಮಗೂ ಒಳ್ಳೇದಲ್ವಾ?"

"ಯಾರ ಮಗು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

"ಅಷ್ಟು ಸಣ್ಣ ಮೂಳೆ... ಒಂದೇ ಗುಂಡಿ ಸಾಕು. ಹಾಂ, ಆ ಮಣಿಗಳು ಮಾತ್ರ ವಾಪಸ್ ತಗೋಬೇಕಾಗುತ್ತೆ. ಅದು ದೇಶದ ಸೊತ್ತು."

 ನಶ್ಮಿಯ ಈರುಳ್ಳಿಯನ್ನು ಮುಷ್ಟಿಯಿಂದ ಗುದ್ದಿ ಒಡೆದಳು.

"ಇದೇ ದಿಬ್ಬದಲ್ಲಿ ಮಡಕೆಯೊಳಗೆ ಒಂದು ಮಗು ಸಿಕ್ಕಿತ್ತಲ್ಲ ಉಸ್ತಾದ್, ಅದನ್ನೂ ಚೀಲಕ್ಕೆ ತುಂಬಿದ್ರಾ?"

"ಅದು ನಾಲ್ಕು ಸಾವಿರ ವರ್ಷದ್ದು! ಅದು ಮ್ಯೂಸಿಯಮ್ಮಿನಲ್ಲಿ ಗಾಜಿನ ಪೆಟ್ಟಿಗೇಲಿದೆ. ಕೂಸಿನ ಬೆರಳು ಕೂಡ ಹಾಗೇ ಇದೆ, ನೋಡಿದ್ರೆ ಅಳು ಬರುತ್ತೆ."

"ತಪ್ಪು ನಮ್ಮ ಮಕ್ಕಳದ್ದೇ," ಎಂದಳು ನಶ್ಮಿಯ. "ಸಾಯೋದಕ್ಕೆ ತಡ ಮಾಡಿದ್ವು."

ಆವತ್ತು ಸಂಜೆ ಚಸ್ಬಿಯಳ ಮೈದುನ ಶಿನಾವ ಶೇಖ್ ಮಿಜ್ಬಾನನ ಸ್ವಂತ ಮುದೀಫಿಗೆ ಹೋದ. ಕೇಳುವುದಕ್ಕೆ ಒಂದೇ ದಾರಿ ಇತ್ತು, ಅದು ಎಲ್ಲರಿಗೂ ಗೊತ್ತಿದ್ದ ದಾರಿ. ಕಾಫಿ ಬಟ್ಟಲು ಕೈಗೆ ಬಂದಾಗ ಕುಡಿಯಬಾರದು. ಎದುರಿಗೆ ನೆಲದ ಮೇಲಿಡಬೇಕು. ಇಟ್ಟರೆ, ಇವನಿಗೆ ಏನೋ ಬೇಕಾಗಿದೆ ಅಂತ. ಆಗ ಮನೆಯ ಯಜಮಾನ ಏನೆಂದು ಕೇಳಲೇಬೇಕು. ಕೊಡುವ ಮನಸ್ಸಿಲ್ಲದಿದ್ದರೆ ಸುಮ್ಮನಿರಬೇಕು. "ಕುಡಿ" ಅಂದನೋ, ಕೊಟ್ಟ ಹಾಗೆ. ಕುಡಿ ಎಂದು ಹೇಳಿ ಕೊಡದೆ ಹೋದವನ ತಲೆವಸ್ತ್ರಕ್ಕೆ ಆಮೇಲೆ ಯಾರೂ ಬೆಲೆ ಕೊಡುವುದಿಲ್ಲ. ಅವನ ಮನೆಗೆ ಹೆಣ್ಣು ಕೊಡುವುದಿಲ್ಲ. ಕೊಲೆಯ ಜಗಳಗಳೇ ಹೀಗೆ ಒಂದು ಗುಟುಕಿನಲ್ಲಿ ಮುಗಿದಿವೆ.

ಶಿನಾವನನ್ನು ಚಪ್ಪಲಿ ಬಿಡುವ ಜಾಗದಲ್ಲಿ ಕೂರಿಸಿದರು. "ಅಲ್ಲೇ ಕೂರೋ, ಜಮಖಾನೆ ಈಗ ತಾನೇ ಒಗೆದಿದೆ," ಎಂದವನು ಶೇಖನ ದೊಡ್ಡಪ್ಪ ಹಾಜಿ ಸಬ್ತಿ. ಕಾಫಿ ಹೊಯ್ಯುವವನು ಸಾಲಿನಲ್ಲಿ ಬಂದ. ಒಬ್ಬೊಬ್ಬರಿಗೂ ಹೊಯ್ದ. ಶಿನಾವನ ಹತ್ತಿರ ಬಂದಾಗ ಅವನ ತಲೆಯ ಮೇಲಿನಿಂದ ಕಾಫಿ ಹೂಜಿ ದಾಟಿಸಿಕೊಂಡು ಆಚೆಯವನಿಗೆ ಹೊಯ್ದ.

ಬಟ್ಟಲೇ ಬರದಿದ್ದರೆ ಕೆಳಗೆ ಏನನ್ನು ಇಡುವುದು?

"ಹೋದ ದಾರೀಲೇ ವಾಪಸ್ ಬಂದೆ ಅತ್ತಿಗೆ," ಎಂದ ಶಿನಾವ. ಮುಖ ತೋರಿಸಲಿಲ್ಲ. ಹೋಗಿ ಎಮ್ಮೆಯ ಪಕ್ಕ ಕೂತ.

ಮಾರನೆಯ ದಿನ ಚಾಪೆ ಹೊಲಿಯುತ್ತಿದ್ದ ಚಸ್ಬಿಯ ಮುಹನ್ನದನನ್ನು ಕೇಳಿದಳು. "ಉಸ್ತಾದ್, ಫೋಟೋದಲ್ಲಿ ನಮ್ಮ ಕೈಗೂ ಕಾಫಿ ಬಟ್ಟಲು ಕೊಡ್ತೀರಾ?"

"ಕೊಡದೆ? ಅದೇ ತಾನೇ ಚೆಂದ ಕಾಣೋದು."

"ಬರೀ ಬಟ್ಟಲೋ, ಕಾಫೀನೂ ಇರುತ್ತೋ?"

"ಅಯ್ಯೋ, ಇರುತ್ತೆ ಖಾಲಾ. ಒಂದಲ್ಲ, ಎರಡು ಕುಡಿ."

"ಒಂದು ಸಾಕು," ಎಂದಳು ಚಸ್ಬಿಯ.

ಬಂದರು. ಕರಿ ಗಾಜಿನ ಕಾರುಗಳು, ಹಿಂದೆ ಧೂಳು, ಧೂಳಿನ ಹಿಂದೆ ಪೊಲೀಸರು. ಚಸ್ಬಿಯಳಿಗೂ ನಶ್ಮಿಯಳಿಗೂ ಬಾಗ್ದಾದಿನಲ್ಲಿ ಹೊಲಿಸಿದ ಉಣ್ಣೆಗೊಂಡೆಯ ಲಂಗ ಉಡಿಸಿ, ಹಣೆಗೆ ಚಿನ್ನದ ಬಣ್ಣದ ಪ್ಲಾಸ್ಟಿಕ್ ಎಲೆಗಳ ಪಟ್ಟಿ ಕಟ್ಟಿದ್ದರು.

"ಬೆಂದ ಕುರಿ ಥರ ಕಾಣ್ತಿದೀಯ," ಎಂದಳು ನಶ್ಮಿಯ.

"ನೀನು ಬೇಯದ ಕುರಿ."

ಅಧ್ಯಕ್ಷ ಡಾಕ್ಟರ್ ಸರ್ಮದ್ ಬಾಗ್ದಾದಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬೆಳೆದು, ಪರಂಪರೆಗಾಗಿ ವಾಪಸಾದವರು. ತೆಳ್ಳನೆಯ ಕನ್ನಡಕ, ಮೃದು ದನಿ. ಬಾಗಿಲಲ್ಲಿ ಶೇಖ್ ಮಿಜ್ಬಾನ್ ಎದೆಯ ಮೇಲೆ ಕೈಯಿಟ್ಟು, ಕ್ಯಾಮರಾ ನೋಡಿಕೊಂಡು, ದೊಡ್ಡ ದನಿಯಲ್ಲಿ ಸ್ವಾಗತಿಸಿದ. "ಬನ್ನಿ, ಬನ್ನಿ! ಈ ಮನೆ ನಿಮ್ಮದು. ಇಲ್ಲಿ ನೀವೇ ಯಜಮಾನರು, ನಾವು ನಿಮ್ಮ ಅತಿಥಿಗಳು!" ಎಲ್ಲ ಶೇಖರೂ ಎಲ್ಲರಿಗೂ ಹೇಳುವ ಮಾತು. ಬೆಳಕು ಚೆನ್ನಾಗಿ ಬೀಳುತ್ತದೆಂದು ಮುಹನ್ನದ್ ಅಧ್ಯಕ್ಷರನ್ನು ಒಲೆಯ ಮುಂದೆ ಯಜಮಾನನ ಜಾಗದಲ್ಲೇ ಕೂರಿಸಿದ. ಶೇಖನ ಕುಲದ ಗಂಡಸರು ಎರಡೂ ಬದಿಗೆ ಸಾಲಾಗಿ ಕೂತರು. ಅಧ್ಯಕ್ಷರ ಎದುರಿಗೆ ಸುಮೇರಿಯನ್ ಅಜ್ಜಿಯರು.

ಅಧ್ಯಕ್ಷರು ಮಾತಾಡಿದರು. ಬರವಣಿಗೆ ಹುಟ್ಟಿದ್ದು ಈ ಮಣ್ಣಲ್ಲಿ ಅಂದರು. ಈ ತಾಯಂದಿರ ಕಣ್ಣಲ್ಲಿ ಐದು ಸಾವಿರ ವರ್ಷ ಕಾಣುತ್ತಿದೆ ಅಂದರು. ಚಸ್ಬಿಯಳ ಕಣ್ಣಲ್ಲಿ ಬೆಳಗಿನ ಹೊಗೆ ಇತ್ತು, ನೀರು ಸುರಿಯುತ್ತಿತ್ತು. ಕ್ಯಾಮರಾದವನು ಹತ್ತಿರ ಬಂದು ಅದನ್ನೂ ತೆಗೆದುಕೊಂಡ.

ಕಾಫಿ ಬಂತು. ಹೊಯ್ಯುವವನು ಶೇಖನ ಆಳೇ. ಚಸ್ಬಿಯಳ ಎದುರು ಅವನ ಕೈ ಗಾಳಿಯಲ್ಲಿ ನಿಂತಿತು. ಅಭ್ಯಾಸ. ಮುಹನ್ನದ್ ಹಿಂದಿನಿಂದ "ಹೊಯ್ಯಿ, ಹೊಯ್ಯಿ" ಎಂದು ಸನ್ನೆ ಮಾಡಿದ. ಆಳು ಶೇಖನ ಮುಖ ನೋಡಿದ. ಶೇಖ್ ಛಾವಣಿ ನೋಡಿದ. ಆಳು ಹೊಯ್ದ.

ಚಸ್ಬಿಯ ಬಟ್ಟಲನ್ನು ಬಲಗೈಯಲ್ಲಿ ಹಿಡಿದಳು. ಬಿಸಿ ಇತ್ತು. ಅವಳ ಅಪ್ಪನ ಕೈಗೆ, ಅವನ ಅಪ್ಪನ ಕೈಗೆ ಈ ನೆಲದವರು ಯಾರೂ ಕೊಟ್ಟಿರದ ಬಟ್ಟಲು.

ಅವಳು ಅದನ್ನು ಜಮಖಾನೆಯ ಮೇಲಿಟ್ಟಳು.

ಎರಡು ಸಾಲಿನ ಮಾತೂ ಒಮ್ಮೆಗೇ ನಿಂತುಹೋಯಿತು. ಯಾರದೋ ಜಪಮಣಿಯ ಟಿಕ್ ಟಿಕ್ ಕೂಡ ನಿಂತಿತು. ಶೇಖ್ ಮಿಜ್ಬಾನನ ಕುತ್ತಿಗೆ ಕೆಂಪಾಯಿತು. "ಎತ್ತೇ," ಎಂದ ಹಲ್ಲು ಕಚ್ಚಿ. "ಎತ್ತೇ ಅದನ್ನ, ಎಮ್ಮೆ."

ಅಧ್ಯಕ್ಷರಿಗೆ ಏನೂ ತಿಳಿಯಲಿಲ್ಲ. ಪಾಪದ ಮುದುಕಿ ಸಂಕೋಚ ಪಡುತ್ತಿದ್ದಾಳೆ ಅಂದುಕೊಂಡರು. ಮುಂದಕ್ಕೆ ಬಾಗಿ, ಕ್ಯಾಮರಾಕ್ಕೂ ಕಾಣುವಂತೆ ಅಕ್ಕರೆಯಿಂದ ನಕ್ಕು,

"ಕುಡಿಯಮ್ಮಾ," ಎಂದರು. "ಕುಡಿ, ಕುಡಿ. ಆರಿಹೋಗುತ್ತೆ."

"ಅಲ್ಲಾಹ್!" ಎಂದ ಯಾರೋ.

ಚಸ್ಬಿಯ ಬಟ್ಟಲಿಗೆ ಕೈ ಹಾಕಲಿಲ್ಲ. ಮೊದಲು ಹೇಳಿದಳು. ಒಂದು ಮಾತೂ ತಪ್ಪಲಿಲ್ಲ.

"ದಿಬ್ಬದ ಮೇಲೆ ನಮ್ಮ ಮಕ್ಕಳಿದಾವೆ. ಒಂದನ್ನೂ ಅಲ್ಲಾಡಿಸಬಾರದು. ಅವಕ್ಕೂ ನಮಗೂ ನಡುವೆ ಬೇಲಿ ಬರಬಾರದು. ನಾನು ಕೇಳೋದು ಇಷ್ಟೆ. ನೀವು ಕುಡಿ ಅಂದಿದೀರಿ. ಕುಡೀತೀನಿ."

ಕುಡಿದಳು. ಕಹಿ. ಸೊಗಸಾದ ಕಹಿ.

ಹೊರದೇಶದವರು ಚಪ್ಪಾಳೆ ತಟ್ಟಿದರು. ಕಾರ್ಯಕ್ರಮದ ಒಂದು ಭಾಗ ಅಂದುಕೊಂಡರು. ಮುಹನ್ನದ್ ಓಡಿಬಂದು ಅಧ್ಯಕ್ಷರ ಕಿವಿಯಲ್ಲಿ ಪಿಸುಗುಟ್ಟಿದ. ಅವರ ನಗು ಮೆಲ್ಲಗೆ ಇಳಿಯಿತು, ಆಮೇಲೆ ಮತ್ತೆ ಏರಿತು.

"ಚೆಂದದ ಪದ್ಧತಿ! ಬಹಳ ಚೆಂದ. ಆದ್ರೆ ಅಮ್ಮಾ, ಇದು ಪ್ರದರ್ಶನದ ಮುದೀಫ್ ಅಲ್ವಾ? ನಾನು ಯಜಮಾನ ಅಲ್ಲ. ಶೇಖ್ ಇದಾರಲ್ಲ."

"ನಾನು ಕುಡಿ ಅಂದಿಲ್ಲ!" ಶೇಖ್ ಮಿಜ್ಬಾನ್ ಎದ್ದೇಬಿಟ್ಟ. "ಇದು ನನ್ನ ಮುದೀಫೂ ಅಲ್ಲ!"

ಆಗ ಮೂಲೆಯಿಂದ ಹಾಜಿ ಸಬ್ತಿ ಕೆಮ್ಮಿದ. ಕಣ್ಣು ಮಬ್ಬಾಗಿತ್ತು, ಕಿವಿ ಚುರುಕಾಗಿತ್ತು.

"ಬಾಗಿಲಲ್ಲಿ ನೀನೇ ಕೂಗಿದ್ಯಲ್ಲೋ ಮಿಜ್ಬಾನ್, ನೀವೇ ಯಜಮಾನರು ಅಂತ. ನಿನ್ನ ಬಾಯಿಂದ ಕೊಟ್ಟೆ. ಅವರು ಆ ಜಾಗದಲ್ಲಿ ಕೂತ್ಕೊಂಡು 'ಕುಡಿ' ಅಂದ್ರು. ಅವಳು ಕುಡಿದ್ಳು. ಆಯ್ತು."

"ದೊಡ್ಡಪ್ಪಾ, ಅವಳು ಮಾದಾನ್!"

"ಅದಕ್ಕೇ ಮೊದ್ಲಿಂದ ನಾವು ಬಟ್ಟಲು ಕೊಡ್ತಿರ್ಲಿಲ್ಲ," ಎಂದ ಹಾಜಿ ಸಬ್ತಿ. "ಕೊಟ್ಟೋರು ನೀವು."

ಮಾರನೆಯ ಬೆಳಿಗ್ಗೆ ಬೇಲಿಯ ಕಂಬಗಳು ಲಾರಿಯಲ್ಲಿ ಬಂದವು. ಗುಂಡಿ ತೋಡಲು ಬಂದವರು ಶೇಖನ ಕುಲದ ಯುವಕರೇ. ಗುದ್ದಲಿ ಹೆಗಲ ಮೇಲಿಟ್ಟುಕೊಂಡು ದಿಬ್ಬದ ಬುಡದಲ್ಲಿ ನಿಂತರು. ನಿಂತೇ ಇದ್ದರು. ಆಮೇಲೆ ಒಬ್ಬೊಬ್ಬರೇ ಗುದ್ದಲಿ ಇಳಿಸಿ ಮನೆ ಕಡೆ ನಡೆದರು. ಕೊಟ್ಟ ಮಾತಿನ ಮೇಲೆ ಗುಂಡಿ ತೋಡಿದರೆ ನಾಳೆ ಮದುವೆಗೆ ಹೆಣ್ಣು ಕೇಳಲು ಯಾವ ಮುದೀಫಿನಲ್ಲಿ ಬಟ್ಟಲು ಕೆಳಗಿಡುವುದು? ಪೇಟೆಯಿಂದ ಕೂಲಿಗಳನ್ನು ತರಿಸಿದರು. ಸುದ್ದಿ ಅವರಿಗಿಂತ ಮೊದಲೇ ಪೇಟೆ ತಲುಪಿತ್ತು. ಅವರೂ ವಾಪಸ್ ಹೋದರು.

"ನಮ್ಮ ಮಕ್ಕಳು ಸತ್ತಾಗ ನೀರಿನ ಸರದಿ ಒಂದು ಗಳಿಗೆ ಬಿಟ್ಟುಕೊಡದ ಜನ," ಎಂದಳು ನಶ್ಮಿಯ, ಪರದೆಯ ತೂತಿನಿಂದ ನೋಡುತ್ತ. "ಒಂದು ಗುಟುಕು ಕಾಫಿಗೆ ಪ್ರಾಣ ಬಿಡ್ತಾರೆ. ಥೂ."

ಚಸ್ಬಿಯಳೂ ಇಣುಕಿದಳು. ಅವರಲ್ಲಿ ಒಬ್ಬನೂ ಪರದೆಯ ಈಚೆ ತಿರುಗಿ ನೋಡಿರಲಿಲ್ಲ.

ಮಧ್ಯಾಹ್ನ ಮುಹನ್ನದ್ ಪರದೆ ಸರಿಸಿಕೊಂಡು ಗುಡಿಸಲುಗಳ ನಡುವೆ ಬಂದ. ಈ ಕಡೆ ಅವನು ಬಂದದ್ದು ಅದೇ ಮೊದಲು. ಸಗಣಿ ತಪ್ಪಿಸಿ ತಪ್ಪಿಸಿ ಹೆಜ್ಜೆ ಇಡುತ್ತಿದ್ದ. ಇವತ್ತು ನಗುತ್ತಿರಲಿಲ್ಲ. ಚಸ್ಬಿಯ ಎಮ್ಮೆಯ ಕಾಲಿಗೆ ಹತ್ತಿದ್ದ ಜಿಗಣೆ ಕೀಳುತ್ತಿದ್ದಳು. ಅವಳ ಹಿಂದೆ ವಬ್ರಿಯ ಗೋಡೆಗೆ ಬೆರಣಿ ತಟ್ಟುತ್ತಿದ್ದಳು. ಪಟ್. ಪಟ್.

"ಖಾಲಾ, ನಿಮ್ಮ ಹತ್ರ ಒಂದು ಮಾತು."

ನಿನ್ನೆಯ ತನಕ 'ನೀನು' ಆಗಿದ್ದವಳು.

"ಕೂತ್ಕೊಳ್ಳಿ ಉಸ್ತಾದ್." ಕೂರಲು ಜಾಗ ಇರಲಿಲ್ಲ.

"ಅಧ್ಯಕ್ಷರಿಗೆ ನಿಮ್ಮ ಮೇಲೆ ಬಹಳ ಗೌರವ. ಅವರೇ ಹೇಳಿಕಳ್ಸಿದಾರೆ. ನಿಮ್ಮ ಮೊಮ್ಮಗಳ ಗೋರಿ ಇದೆಯಲ್ಲ, ಅದನ್ನ ಮುಟ್ಟಲ್ಲ. ಅಲ್ಲೇ ಇರುತ್ತೆ. ಸುತ್ತ ಇಟ್ಟಿಗೆ ಕಟ್ಟಿಸ್ತೀವಿ. ಮಣೀನೂ ತೆಗೆಯಲ್ಲ." ಅವನು ಜೇಬಿನಿಂದ ಹೊಸ ಬೀಗದ ಕೈಯೊಂದನ್ನು ತೆಗೆದ. "ಇದು ಬೇಲಿ ಗೇಟಿನದು. ನಿಮ್ಮ ಮಗಳು ಗುರುವಾರ ಗುರುವಾರ ಹೋಗಿ ಬರ್ಲಿ, ಯಾರೂ ತಡೆಯಲ್ಲ. ಮುದೀಫ್ ನೋಡ್ಕೊಳ್ಳೋ ಕೆಲ್ಸಾನೂ ನಿಮಗೇ. ಖಾಯಂ."

"ನಾನೇನು ಮಾಡ್ಬೇಕು?"

"ಮುದೀಫಿಗೆ ಬಂದು ಗಂಡಸರ ಎದುರಿಗೆ, ಮಾತು ವಾಪಸ್ ಕೊಟ್ಟೆ ಅಂತ ಹೇಳಿದ್ರೆ ಸಾಕು. ನೀವು ಬಿಟ್ಟುಕೊಟ್ರೆ ಮಾತ್ರ ಅವರು ಗುದ್ದಲಿ ಹಿಡಿಯೋದಂತೆ. ಕಾಡುಜನ."

ಚಸ್ಬಿಯಳ ಬೆರಳ ನಡುವೆ ಜಿಗಣೆ ನುಲಿಯುತ್ತಿತ್ತು. ಅವಳು ಅದನ್ನು ಎಸೆಯುವುದನ್ನೇ ಮರೆತಳು. ಬೆನ್ನ ಹಿಂದೆ ಪಟ್ ಪಟ್ ನಿಂತಿತ್ತು. ತನ್ನ ಎರಡು ಹೋಗಿ ಬಹಳ ಕಾಲವಾಯಿತು, ಅವುಗಳ ಮುಖ ಕೂಡ ಈಗ ಸರಿಯಾಗಿ ನೆನಪಿಗೆ ಬಾರದು. ಆದರೆ ತೀಬಳ ಕುತ್ತಿಗೆಯ ಹಾಲಿನ ವಾಸನೆ ಇನ್ನೂ ಗುಡಿಸಲಿನ ಚಿಂದಿಗಳಲ್ಲಿತ್ತು. ವಬ್ರಿಯ ರಾತ್ರಿ ಆ ಚಿಂದಿಯನ್ನೇ ಮುಖಕ್ಕೆ ಒತ್ತಿಕೊಂಡು ಮಲಗುತ್ತಿದ್ದಳು. ಇವತ್ತಲ್ಲ ನಾಳೆ ಎಲ್ಲಿಂದಲೋ ಕೂಲಿಗಳು ಬಂದೇ ಬರುತ್ತಾರೆ, ಯಂತ್ರ ಬರುತ್ತದೆ. ಯಂತ್ರಕ್ಕೆ ಯಾವ ಕಾಫಿ? ಒಂದಾದರೂ ಉಳಿಯಲಿ. ಮಗಳದ್ದಾದರೂ ಉಳಿಯಲಿ. ಚಸ್ಬಿಯ ಬಾಯಿ ತೆರೆದಳು.

"ನಶ್ಮಿಯ ಖಾಲಾಳ ಮಗ?"

ವಬ್ರಿಯ ಕೇಳಿದ್ದಳು. ಅವಳ ದನಿ ತುಕ್ಕು ಹಿಡಿದಂತಿತ್ತು. ಮೊಣಕೈ ತನಕ ಸಗಣಿ ಹತ್ತಿದ್ದ ಕೈಗಳನ್ನು ಮುಂದೆ ಹಿಡಿದುಕೊಂಡು ಬಂದು ತಾಯಿಯ ಪಕ್ಕ ನಿಂತಳು.

"ಅದು... ಎಲ್ಲಾ ಬಿಡೋದಕ್ಕಾಗಲ್ಲ ತಂಗಿ," ಎಂದ ಮುಹನ್ನದ್. "ಒಂದು ಅಂದ್ರೆ ಒಪ್ಪಿದಾರೆ. ಅದೂ ನಿಮ್ಮದು ಅಂತ."

"ಶಿನಾವ ಚಿಕ್ಕಪ್ಪನ ಅವಳಿ?"

"ಹೇಳಿದ್ನಲ್ಲ, ನಿಮ್ಮದು ಮಾತ್ರ."

"ಎಲ್ಲಾನೂ ತೋಡಿ ಚೀಲಕ್ಕೆ ತುಂಬ್ತೀರಿ. ನನ್ನ ಮಗಳು ಒಬ್ಬಳೇ ಅಷ್ಟು ದೊಡ್ಡ ದಿಬ್ಬದ ಮೇಲೆ ಇರ್ತಾಳೆ. ನಾನು ಬೀಗ ತೆಗೆದು ನೋಡ್ಬೇಕು."

"ಹಾಗಲ್ಲ... ನೀವು ಯೋಚನೆ ಮಾಡಿ. ಅವಸರ ಇಲ್ಲ. ಮೊದ್ಲು ಇದನ್ನ ಇಟ್ಕೊಳ್ಳಿ." ಅವನು ಬೀಗದ ಕೈಯನ್ನು ಅವಳತ್ತ ಚಾಚಿದ. ಸಗಣಿ ತಾಗದಂತೆ, ಎರಡು ಬೆರಳ ತುದಿಯಲ್ಲಿ.

ವಬ್ರಿಯ ಅವನ ಬೆರಳುಗಳನ್ನು ನೋಡಿದಳು. ತಾಯಿಯ ಕಡೆ ತಿರುಗಲಿಲ್ಲ.

"ಬೇಡ," ಎಂದಳು.